ರೈಬೋಸೋಮ್: ಪಾಠಕ್ಕೆ ಮುನ್ನ ಶಿಕ್ಷಕರು ಗಮನಿಸಬೇಕಾದುದು

'ರೈಬೋಸೋಮ್ ಜೀವಕೋಶದ ಪ್ರೋಟೀನ್ ಕಾರ್ಖಾನೆ' ಎಂಬ ವಾಕ್ಯವನ್ನು ಕಂಠಪಾಠ ಮಾಡಿಸಿ ಮುಂದಿನ ಕೋಶಾಂಗಕ್ಕೆ ಸಾಗುವುದು ನಮ್ಮಲ್ಲಿ ರೂಢಿಯಾಗಿದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಜ್ವರಕ್ಕೆ ನುಂಗಿದ ಗುಳಿಗೆ ಬ್ಯಾಕ್ಟೀರಿಯವನ್ನು ಕೊಂದು ತನ್ನನ್ನೇಕೆ ಕೊಲ್ಲಲಿಲ್ಲ ಎಂದು ವಿದ್ಯಾರ್ಥಿ ಕೇಳಿದರೆ ಆ ವಾಕ್ಯ ನೆರವಿಗೆ ಬಾರದು.

ಮೊದಲು ಪದಗಳ ತೊಡಕನ್ನು ಬಿಡಿಸಬೇಕು. ಕನ್ನಡದಲ್ಲಿ 'ಕಣ' ಎಂದರೆ ಸೂಕ್ಷ್ಮ ತುಣುಕು. ತೆಲುಗಿನಲ್ಲಿ ಅದೇ ಪದಕ್ಕೆ ಜೀವಕೋಶವೆಂಬ ಅರ್ಥವಿದೆ. 'ರೈಬೋಸೋಮ್ ಒಂದು ಕಣ' ಎಂದು ಹೇಳಿದಾಗ ಆದೋನಿ, ಮಡಕಶಿರಾ ಸೀಮೆಯ ಮಗು ಅದನ್ನೇ ಜೀವಕೋಶವೆಂದು ಭಾವಿಸಬಹುದು. ಮರಾಠಿಯಲ್ಲಿ ಜೀವಕೋಶವನ್ನು 'ಪೇಶಿ' ಎನ್ನುತ್ತಾರೆ. ನಮಗೆ 'ಮಾಂಸಪೇಶಿ' ಎಂದರೆ ಸ್ನಾಯು. ಸೊಲ್ಲಾಪುರ, ಜತ್ತ ಭಾಗದ ಶಿಕ್ಷಕರು ಎರಡೂ ಪದಗಳನ್ನು ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ಪಾಠವನ್ನು ಆರಂಭಿಸುವುದು ಒಳಿತು.

1955ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಜಾರ್ಜ್ ಪಲಾಡೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಈ ಕಾಯಗಳನ್ನು ವಿವರಿಸಿದರು. ಹೆಸರು ಬಂದದ್ದು 1958ರಲ್ಲಿ. ಇವುಗಳ ಅಡ್ಡಳತೆ ಸುಮಾರು 20ರಿಂದ 30 ನ್ಯಾನೋಮೀಟರ್ ಮಾತ್ರ. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಪೊರೆಯೊಳಗೆ ಕಾಣುವ ಚುಕ್ಕೆ ಕೋಶಕೇಂದ್ರವೇ ಹೊರತು ರೈಬೋಸೋಮ್ ಅಲ್ಲವೆಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು.

ಡಿಎನ್‌ಎಯಿಂದ ನಕಲಾಗಿ ಬಂದ ಸಂದೇಶವಾಹಕ ಆರ್‌ಎನ್‌ಎಯನ್ನು ರೈಬೋಸೋಮ್ ಮೂರು ಮೂರು ಅಕ್ಷರಗಳಾಗಿ ಓದುತ್ತದೆ. ಪ್ರತಿಯೊಂದು ಮೂರಕ್ಷರಕ್ಕೂ ತಕ್ಕ ಅಮೈನೋ ಆಮ್ಲವನ್ನು ಬೇರೊಂದು ಆರ್‌ಎನ್‌ಎ ಹೊತ್ತು ತರುತ್ತದೆ. ಬ್ಯಾಕ್ಟೀರಿಯದಲ್ಲಿ ಸೆಕೆಂಡಿಗೆ ಸುಮಾರು 15ರಿಂದ 20 ಅಮೈನೋ ಆಮ್ಲಗಳು ಸರಪಳಿಗೆ ಸೇರುತ್ತವೆ.

ಬ್ಯಾಕ್ಟೀರಿಯದ ರೈಬೋಸೋಮ್ 70 ಎಸ್; ಅದರ ಉಪಘಟಕಗಳು 50 ಎಸ್ ಮತ್ತು 30 ಎಸ್. ಲೆಕ್ಕದಲ್ಲಿ ಚುರುಕಾದ ಮಗು ಇಲ್ಲಿ ತಡೆದು ಕೇಳಿಯೇ ಕೇಳುತ್ತದೆ. ಕೇಳದಿದ್ದರೆ ನಾವೇ ಕೇಳಬೇಕು. 'ಎಸ್' ಎಂಬುದು ಸ್ವೀಡನ್ನಿನ ಸ್ವೆಡ್‌ಬರ್ಗ್ ಅವರ ಹೆಸರಿನ ಮಾನ. ಅದು ತೂಕವನ್ನಲ್ಲ, ಅತಿವೇಗವಾಗಿ ತಿರುಗುವ ಯಂತ್ರದಲ್ಲಿ ವಸ್ತು ತಳಕ್ಕಿಳಿಯುವ ವೇಗವನ್ನು ಸೂಚಿಸುತ್ತದೆ. ಆ ವೇಗ ಆಕಾರವನ್ನೂ ಅವಲಂಬಿಸಿರುವುದರಿಂದ ಎರಡು ಅಂಕಿಗಳನ್ನು ಕೂಡುವಂತಿಲ್ಲ. ನಮ್ಮ ಕೋಶದ್ರವದ ರೈಬೋಸೋಮ್ 80 ಎಸ್. ಉಪಘಟಕಗಳು 60 ಮತ್ತು 40.

ಇದರ ರಚನೆಯನ್ನು ಬಿಡಿಸಿದ ಕಥೆ ದೀರ್ಘವಾದುದು. ಇಸ್ರೇಲಿನ ಆಡಾ ಯೋನಾತ್ 1980ರ ವೇಳೆಗೆ ರೈಬೋಸೋಮಿನ ಹರಳುಗಳನ್ನು ಬೆಳೆಸಿದಾಗ ಹಲವರು ನಂಬಲಿಲ್ಲ. ಬಿಸಿಯನ್ನು ಸಹಿಸುವ ಬ್ಯಾಕ್ಟೀರಿಯಗಳ ರೈಬೋಸೋಮುಗಳು ಗಟ್ಟಿಯಾಗಿರುತ್ತವೆ ಎಂಬ ಎಣಿಕೆ ಅವರಿಗೆ ದಾರಿ ತೋರಿತು. ಪರಮಾಣು ಮಟ್ಟದ ಚಿತ್ರಗಳು ದೊರೆತದ್ದು 2000ದಲ್ಲಿ, ಇಪ್ಪತ್ತು ವರ್ಷಗಳ ಬಳಿಕ. 2009ರ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಯೋನಾತ್, ಥಾಮಸ್ ಸ್ಟೈಟ್ಜ್ ಹಾಗೂ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಹಂಚಿಕೊಂಡರು. ಆ ಚಿತ್ರಗಳು ಒಂದು ಅಚ್ಚರಿಯನ್ನು ಹೊರಗೆಡವಿದವು: ಅಮೈನೋ ಆಮ್ಲಗಳನ್ನು ಬೆಸೆಯುವ ತಾಣದಲ್ಲಿರುವುದು ಪ್ರೋಟೀನ್ ಅಲ್ಲ, ಆರ್‌ಎನ್‌ಎ. ಹಾಗಾಗಿ 'ಎಲ್ಲ ಕಿಣ್ವಗಳೂ ಪ್ರೋಟೀನುಗಳೇ' ಎಂಬ ಹಳೆಯ ವಾಕ್ಯವನ್ನು ತಿದ್ದಿ ಹೇಳಬೇಕಾಗುತ್ತದೆ.

ಇನ್ನು ಗುಳಿಗೆಯ ಪ್ರಶ್ನೆ. ಟೆಟ್ರಾಸೈಕ್ಲಿನ್ 30 ಎಸ್ ಉಪಘಟಕಕ್ಕೆ ಅಂಟಿಕೊಂಡು ಅಮೈನೋ ಆಮ್ಲದ ಪ್ರವೇಶವನ್ನು ತಡೆಯುತ್ತದೆ. ಎರಿತ್ರೋಮೈಸಿನ್ 50 ಎಸ್‌ನಲ್ಲಿ ಸರಪಳಿ ಹೊರಬರುವ ಸುರಂಗಕ್ಕೆ ಅಡ್ಡ ನಿಲ್ಲುತ್ತದೆ. ನಮ್ಮ ರೈಬೋಸೋಮಿನ ರಚನೆ ಬೇರೆಯಾದುದರಿಂದ ಅಲ್ಲಿ ಅವುಗಳ ಹಿಡಿತ ಸಡಿಲ. ವೈರಸ್ಸಿಗಂತೂ ಸ್ವಂತ ರೈಬೋಸೋಮೇ ಇಲ್ಲ. ಅದು ನಮ್ಮದನ್ನೇ ಬಳಸಿಕೊಳ್ಳುತ್ತದೆ. ವೈರಸ್ಸಿನಿಂದ ಬಂದ ನೆಗಡಿಗೆ ಮನೆಯಲ್ಲಿ ಉಳಿದ ಆ ಗುಳಿಗೆಗಳನ್ನು ನುಂಗಿದರೆ ಅವು ಯಾವ ರೈಬೋಸೋಮನ್ನು ತಡೆಯುತ್ತವೆ? ಈ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು, ಉತ್ತರವನ್ನು ಮಕ್ಕಳಿಂದಲೇ ಪಡೆಯಬಹುದು.