ಪಾರಿವಾಳಕ್ಕೆ ಮನೆಯ ದಾರಿ ಹೇಗೆ ತಿಳಿಯುತ್ತದೆ?

ಮಕ್ಕಳೇ, ನಿಮ್ಮೂರಿನ ಅಗಸಿ, ಹಳೆಯ ವಾಡೆ ಅಥವಾ ಗುಡಿಯ ಗೋಡೆಯನ್ನು ಗಮನಿಸಿದ್ದೀರಾ? ಅಲ್ಲಿನ ಸಂದುಗಳಲ್ಲಿ ಪಾರಿವಾಳಗಳು ಗುಟುರು ಹಾಕುತ್ತಿರುತ್ತವೆ. ಬೆಳಗಾದೊಡನೆ ಅವು ಗುಂಪಾಗಿ ಹೊಲದ ಕಡೆ ಹೊರಡುತ್ತವೆ. ರಾಶಿ ಮುಗಿದ ಕಣದಲ್ಲಿ ಉದುರಿದ ಜೋಳ, ತೊಗರಿಯನ್ನು ಆರಿಸಿ ತಿನ್ನುತ್ತವೆ. ಸಂಜೆಯ ಹೊತ್ತಿಗೆ ಅದೇ ಗೋಡೆಯ ಅದೇ ಸಂದಿಗೆ ಮರಳುತ್ತವೆ. ನೂರಾರು ಗೋಡೆಗಳಿರುವ ಊರಿನಲ್ಲಿ ಅವಕ್ಕೆ ತಮ್ಮ ಮನೆ ತಪ್ಪುವುದಿಲ್ಲ!

ಈಗ ಒಂದು ಊಹೆ ಮಾಡೋಣ. ವಿಜಯಪುರದಲ್ಲಿ ಹುಟ್ಟಿ ಬೆಳೆದ, ಮನೆಗೆ ಮರಳುವ ತರಬೇತಿ ಪಡೆದ ನಾಲ್ಕು ಸಾಕು ಪಾರಿವಾಳಗಳಿವೆ ಎಂದುಕೊಳ್ಳಿ. ಅವುಗಳನ್ನು ಮುಚ್ಚಿದ ಬುಟ್ಟಿಗಳಲ್ಲಿಟ್ಟು ಒಂದನ್ನು ಇಂಡಿಗೆ, ಒಂದನ್ನು ಸಿಂದಗಿಗೆ, ಒಂದನ್ನು ಮುದ್ದೇಬಿಹಾಳಕ್ಕೆ, ಇನ್ನೊಂದನ್ನು ಬಸವನ ಬಾಗೇವಾಡಿಗೆ ಒಯ್ದು ಹಾರಿಬಿಟ್ಟೆವು. ಇಂಡಿಯ ಹಕ್ಕಿ ನೈಋತ್ಯಕ್ಕೆ ಹಾರಬೇಕು. ಸಿಂದಗಿಯದು ಪಶ್ಚಿಮಕ್ಕೆ ಹಾರಬೇಕು. ಉಳಿದ ಎರಡು ವಾಯವ್ಯಕ್ಕೆ ಹಾರಬೇಕು. ನೇರ ದೂರ ಸುಮಾರು 40ರಿಂದ 70 ಕಿ.ಮೀ. ಒಳ್ಳೆಯ ಹವೆಯಿದ್ದರೆ ಇಂಥ ಹಕ್ಕಿಗಳು ಒಂದು ಗಂಟೆಯ ಆಚೀಚೆ ಮನೆ ಮುಟ್ಟಬಲ್ಲವು. ಬರುವಾಗ ದಾರಿಯನ್ನೇ ನೋಡದ ಹಕ್ಕಿಗೆ ಮನೆ ಯಾವ ದಿಕ್ಕಿನಲ್ಲಿದೆ ಎಂದು ಹೇಳಿದವರು ಯಾರು?

ಸಂದೇಶ ಹೊತ್ತ ಹಕ್ಕಿಗಳು

ಈ ಗುಣವನ್ನು ಮನುಷ್ಯ ಬಹಳ ಹಿಂದಿನಿಂದ ಬಳಸಿಕೊಂಡಿದ್ದಾನೆ. ಒಡಿಶಾದ ಪೊಲೀಸರು 1946ರಲ್ಲಿ ಪಾರಿವಾಳಗಳ ಅಂಚೆಯನ್ನು ಆರಂಭಿಸಿದರು. 1948ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಸಂಬಲ್‌ಪುರದಿಂದ ಕಟಕ್‌ಗೆ ಕಳಿಸಿದ ಸಂದೇಶವನ್ನು ಪಾರಿವಾಳವೇ ತಲುಪಿಸಿತು. ದೂರವಾಣಿ ಕೆಟ್ಟುಹೋದ ಪ್ರವಾಹ, ಚಂಡಮಾರುತದ ದಿನಗಳಲ್ಲಿ ಈ ಹಕ್ಕಿಗಳು ಉಪಯೋಗಕ್ಕೆ ಬಂದವು. ನಮ್ಮ ಬೆಂಗಳೂರಿನಲ್ಲಿ ಪಾರಿವಾಳಗಳ ಪಂದ್ಯ ನಡೆಸುವವರಿದ್ದಾರೆ. ಕಾಲಿಗೆ ಸಂಖ್ಯೆಯ ಉಂಗುರ ತೊಡಿಸಿದ ಹಕ್ಕಿಗಳನ್ನು ದೂರದ ಊರಿಗೆ ಒಯ್ದು ಬಿಡುತ್ತಾರೆ. ಯಾವುದು ವೇಗವಾಗಿ ಹಾರಿ ಮನೆ ಸೇರುತ್ತದೋ ಅದೇ ಗೆದ್ದಂತೆ.

ಹಾರುವುದಕ್ಕೆಂದೇ ಆದ ದೇಹ

ದಾರಿ ಗೊತ್ತಿದ್ದರೆ ಸಾಲದು, ಹಾರುವ ಶಕ್ತಿಯೂ ಬೇಕು. ಪಾರಿವಾಳದ ತೂಕ ಸುಮಾರು 300ರಿಂದ 350 ಗ್ರಾಂ. ಅದರಲ್ಲಿ ಸುಮಾರು ಐದನೆಯ ಒಂದು ಭಾಗ ಎದೆಯ ಸ್ನಾಯುಗಳದ್ದೇ! ರೆಕ್ಕೆ ಬಡಿಯುವ ಕೆಲಸ ಈ ಸ್ನಾಯುಗಳದು. ಹಲವು ಮೂಳೆಗಳು ಒಳಗೆ ಟೊಳ್ಳಾಗಿರುವುದರಿಂದ ದೇಹ ಹಗುರ. ಶ್ವಾಸಕೋಶಗಳಿಗೆ ಹೊಂದಿಕೊಂಡು ಗಾಳಿಚೀಲಗಳಿವೆ. ಇವುಗಳಿಂದಾಗಿ ಉಸಿರು ಎಳೆದಾಗಲೂ ಬಿಟ್ಟಾಗಲೂ ಹೊಸ ಗಾಳಿ ಶ್ವಾಸಕೋಶದ ಮೂಲಕ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ನಮಗೆ ಈ ಅನುಕೂಲವಿಲ್ಲ.

ಇಷ್ಟು ದೂರ ಹಾರಲು ಬೇಕಾದ ಇಂಧನ ಯಾವುದು? ಬರೋಡಾದ ವಿಶ್ವವಿದ್ಯಾನಿಲಯದಲ್ಲಿದ್ದ ಜೆ.ಸಿ. ಜಾರ್ಜ್ ಅವರು 1950ರ ದಶಕದಲ್ಲಿ ಪಾರಿವಾಳದ ಎದೆಯ ಸ್ನಾಯುವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಅದರಲ್ಲಿ ಎರಡು ಬಗೆಯ ಎಳೆಗಳಿದ್ದವು. ತೆಳುವಾದ ಕೆಂಪು ಎಳೆಗಳು ಬಹಳ, ಅವುಗಳಲ್ಲಿ ಕೊಬ್ಬು ತುಂಬಿತ್ತು. ದಪ್ಪನೆಯ ಬಿಳಿ ಎಳೆಗಳು ಕಡಿಮೆ, ಅವುಗಳಲ್ಲಿ ಸಕ್ಕರೆಯಿಂದಾದ ಗ್ಲೈಕೋಜನ್ ಇತ್ತು. ದೀರ್ಘ ಹಾರಾಟಕ್ಕೆ ಕೆಂಪು ಎಳೆಗಳು ಕೊಬ್ಬನ್ನು ಉರಿಸುತ್ತವೆ. ಒಮ್ಮೆಲೇ ಚಿಮ್ಮಿ ಮೇಲೇಳಲು ಬಿಳಿ ಎಳೆಗಳು ನೆರವಾಗುತ್ತವೆ.

ನಿಮಗೆ ಗೊತ್ತೇ? ಜೀವಕೋಶಗಳು ಆಹಾರದಿಂದ ಶಕ್ತಿ ಪಡೆಯುವ ಒಂದು ಮುಖ್ಯ ಕ್ರಿಯಾಚಕ್ರವನ್ನು ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ವಿವರಿಸಿದರು. ಅವರು ಪ್ರಯೋಗಕ್ಕೆ ಬಳಸಿದ್ದು ಪಾರಿವಾಳದ ಎದೆಯ ಸ್ನಾಯುವನ್ನೇ. 1953ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಸೂರ್ಯನೇ ದಿಕ್ಸೂಚಿ

ಈಗ ದಾರಿಯ ಪ್ರಶ್ನೆಗೆ ಬರೋಣ. ಹಕ್ಕಿಗಳು ಸೂರ್ಯನನ್ನು ನೋಡಿ ದಿಕ್ಕು ತಿಳಿಯುತ್ತವೆ ಎಂದು ಜರ್ಮನಿಯ ಗುಸ್ತಾವ್ ಕ್ರಾಮರ್ 1950ರ ದಶಕದಲ್ಲಿ ತೋರಿಸಿದರು. ಆದರೆ ಸೂರ್ಯ ಒಂದೇ ಕಡೆ ನಿಲ್ಲುವುದಿಲ್ಲವಲ್ಲ! ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಇರುತ್ತಾನೆ. ಆದ್ದರಿಂದ ಹೊತ್ತು ಎಷ್ಟಾಯಿತು ಎಂಬುದೂ ಗೊತ್ತಿರಬೇಕು. ಹಕ್ಕಿಯ ದೇಹದೊಳಗೆ ಅಂಥದೊಂದು ಗಡಿಯಾರವಿದೆ.

ಇದನ್ನು ಪರೀಕ್ಷಿಸಿದ ರೀತಿ ಬಹಳ ಜಾಣತನದ್ದು. ಹಕ್ಕಿಗಳನ್ನು ಕೆಲವು ದಿನ ಕೋಣೆಯಲ್ಲಿಟ್ಟು ಮಧ್ಯರಾತ್ರಿಯೇ ದೀಪ ಹಚ್ಚಿದರು, ಮಧ್ಯಾಹ್ನವೇ ಆರಿಸಿದರು. ಹಕ್ಕಿಯ ಗಡಿಯಾರ 6 ಗಂಟೆ ಮುಂದೆ ಹೋಯಿತು. ಇಂಥ ಹಕ್ಕಿಯನ್ನು ಚಳಿಗಾಲದ ಬೆಳಿಗ್ಗೆ ಸಿಂದಗಿಯಲ್ಲಿ ಬಿಟ್ಟರೆ ಏನಾದೀತು? ಸೂರ್ಯ ಇನ್ನೂ ಪೂರ್ವದಲ್ಲಿದ್ದಾನೆ. ಹಕ್ಕಿಗೆ ಮಾತ್ರ ಮಧ್ಯಾಹ್ನವಾಗಿದೆ. ಹಾಗಾಗಿ ಸೂರ್ಯನಿರುವ ಕಡೆಯೇ ದಕ್ಷಿಣ ಎಂದು ಅದು ತಿಳಿಯುತ್ತದೆ. ಪಶ್ಚಿಮಕ್ಕೆ ಹೊರಟೆನೆಂದುಕೊಂಡು ನಿಜವಾಗಿ ದಕ್ಷಿಣಕ್ಕೆ, ಅಂದರೆ ಮುದ್ದೇಬಿಹಾಳದ ಕಡೆಗೆ ಹೊರಡುತ್ತದೆ! ವಿದೇಶಗಳಲ್ಲಿ ಬಿಸಿಲಿನ ದಿನ ನಡೆದ ಪ್ರಯೋಗಗಳಲ್ಲಿ ಹಕ್ಕಿಗಳು ಹೀಗೆಯೇ ದಿಕ್ಕು ತಪ್ಪಿದವು.

ಮೋಡ ಕವಿದರೆ?

ಮೋಡದ ದಿನವೂ ಪಾರಿವಾಳಗಳು ಮನೆ ಸೇರುತ್ತವೆ. ಹಾಗಾದರೆ ಇನ್ನೊಂದು ದಿಕ್ಸೂಚಿ ಇರಲೇಬೇಕು. ಅಮೆರಿಕದ ವಿಲಿಯಂ ಕೀಟನ್ ಕೆಲವು ಹಕ್ಕಿಗಳ ಬೆನ್ನಿಗೆ ಸಣ್ಣ ಅಯಸ್ಕಾಂತ ಅಂಟಿಸಿದರು. ಬೇರೆ ಕೆಲವಕ್ಕೆ ಅಷ್ಟೇ ತೂಕದ ಹಿತ್ತಾಳೆ ತುಂಡು ಅಂಟಿಸಿದರು. ಹಿತ್ತಾಳೆ ಏಕೆ? ಹಕ್ಕಿ ದಾರಿ ತಪ್ಪಿದರೆ ಅದು ಅಯಸ್ಕಾಂತದಿಂದಲೋ ಬರೀ ಭಾರದಿಂದಲೋ ಎಂದು ತಿಳಿಯಬೇಡವೇ?

ಬಿಸಿಲಿನ ದಿನ ಎರಡೂ ಗುಂಪು ಸರಿಯಾಗಿ ಹೊರಟವು. ಮೋಡದ ದಿನ ಹಿತ್ತಾಳೆ ಹೊತ್ತವು ಸರಿಯಾಗಿ ಹೊರಟವು, ಅಯಸ್ಕಾಂತ ಹೊತ್ತವು ಗೊಂದಲಕ್ಕೀಡಾದವು. ಇದು ಪ್ರಕಟವಾದದ್ದು 1971ರಲ್ಲಿ. ಬಿಸಿಲಿದ್ದರೆ ಸೂರ್ಯ, ಇಲ್ಲದಿದ್ದರೆ ಭೂಮಿಯ ಕಾಂತತ್ವ ಎಂದು ಇದರಿಂದ ಅರ್ಥೈಸಿದರು. ಆದರೆ ಮುಂದೆ ಇಂಥ ಪ್ರಯೋಗಗಳನ್ನು ಮತ್ತೆ ಮತ್ತೆ ಮಾಡಿದಾಗ ಪ್ರತಿಸಲವೂ ಇದೇ ಫಲಿತಾಂಶ ಬರಲಿಲ್ಲ.

ದಿಕ್ಸೂಚಿ ಇದೆ, ನಕ್ಷೆ ಎಲ್ಲಿ?

ನಿಮ್ಮ ಕೈಗೆ ದಿಕ್ಸೂಚಿ ಕೊಟ್ಟು ಗುರುತಿಲ್ಲದ ಊರಿನಲ್ಲಿ ಬಿಟ್ಟರೆ ಮನೆ ಸೇರಬಲ್ಲಿರಾ? ಉತ್ತರ ಯಾವ ಕಡೆ ಎಂದು ಗೊತ್ತಾದೀತು. ನೀವು ಎಲ್ಲಿದ್ದೀರಿ ಎಂದು ಗೊತ್ತಾಗದು. ಪಾರಿವಾಳಕ್ಕೂ ದಿಕ್ಸೂಚಿಯ ಜೊತೆ ಒಂದು ನಕ್ಷೆ ಬೇಕು ಎಂದು ಕ್ರಾಮರ್ ಹೇಳಿದ್ದರು.

ಆ ನಕ್ಷೆ ಕಣ್ಣಿಗೆ ಕಂಡ ಗುರುತುಗಳದ್ದೇ? ಹಕ್ಕಿಗಳ ಕಣ್ಣಿಗೆ ಮಬ್ಬಾದ ಮಸೂರ ತೊಡಿಸಿ ಬಿಟ್ಟರು. ಗುಡ್ಡ, ಮರ ಏನೂ ಕಾಣದಿದ್ದರೂ ಹಲವು ಹಕ್ಕಿಗಳು ಮನೆಯ ಹತ್ತಿರದವರೆಗೆ ಬಂದುಬಿಟ್ಟವು! ಹಾಗಾದರೆ ವಾಸನೆಯೇ? ಇಟಲಿಯ ಫ್ಲೊರಿಯಾನೊ ಪಾಪಿ ಮತ್ತು ಸಂಗಡಿಗರು 1972ರಲ್ಲಿ ಇದನ್ನು ಪರೀಕ್ಷಿಸಿದರು. ವಾಸನೆ ತಿಳಿಯದಂತೆ ಮಾಡಿದ ಹಕ್ಕಿಗಳು ಗುರುತಿಲ್ಲದ ಜಾಗದಿಂದ ಮನೆ ಸೇರಲು ಬಹಳ ಕಷ್ಟಪಟ್ಟವು. ಯಾವ ಗಾಳಿ ಯಾವ ವಾಸನೆ ತರುತ್ತದೆ ಎಂದು ಹಕ್ಕಿ ಗೂಡಿನಲ್ಲಿದ್ದಾಗಲೇ ಕಲಿಯುತ್ತದೆ ಎಂಬುದು ಅವರ ವಿವರಣೆ.

ಪರಿಚಿತ ಪ್ರದೇಶದಲ್ಲಾದರೋ ಕಣ್ಣೂ ಕೆಲಸ ಮಾಡುತ್ತದೆ. ಉಪಗ್ರಹಗಳ ನೆರವಿನಿಂದ ಜಾಗ ಗುರುತಿಸುವ ಪುಟ್ಟ ಉಪಕರಣಗಳನ್ನು ಹಕ್ಕಿಗಳಿಗೆ ಕಟ್ಟಿ ಅವುಗಳ ದಾರಿಯನ್ನು ಗುರುತಿಸಿದರು. ಇಟಲಿಯಲ್ಲಿ ಪಾರಿವಾಳಗಳು ಹೆದ್ದಾರಿಯ ಗುಂಟ ಹಾರಿ, ಕೂಡುರಸ್ತೆ ಬಂದಾಗ ಹೊರಳಿದ್ದು 2004ರಲ್ಲಿ ಪ್ರಕಟವಾಯಿತು. ನಮ್ಮಂತೆಯೇ!

ತಿದ್ದಿಕೊಂಡ ಉತ್ತರ

ಕಾಂತತ್ವವನ್ನು ಗುರುತಿಸುವ ಅಂಗ ಹಕ್ಕಿಯ ದೇಹದಲ್ಲಿ ಎಲ್ಲಿದೆ? ಮೇಲ್ಕೊಕ್ಕಿನಲ್ಲಿ ಕಬ್ಬಿಣವಿರುವ ನರಕೋಶಗಳಿವೆ, ಅವೇ ಇರಬೇಕು ಎಂದು ಹಲವು ವರ್ಷ ನಂಬಲಾಗಿತ್ತು. 2012ರಲ್ಲಿ ಡೇವಿಡ್ ಕೀಸ್ ಮತ್ತು ಸಂಗಡಿಗರು ಪಾರಿವಾಳದ ಕೊಕ್ಕುಗಳನ್ನು ತೆಳುವಾಗಿ ಕತ್ತರಿಸಿ ಮತ್ತೆ ಪರೀಕ್ಷಿಸಿದರು. ಕಬ್ಬಿಣ ಇದ್ದದ್ದು ನರಕೋಶಗಳಲ್ಲಲ್ಲ, ರೋಗಾಣುಗಳೊಡನೆ ಹೋರಾಡುವ ರಕ್ಷಕ ಕೋಶಗಳಲ್ಲಿ! ಪುಸ್ತಕಗಳಲ್ಲಿ ಬರೆದ ಉತ್ತರವನ್ನು ತಿದ್ದಬೇಕಾಯಿತು. ಕಣ್ಣಿನಲ್ಲಿಯೋ ಒಳಕಿವಿಯಲ್ಲಿಯೋ ಎಂಬ ಹುಡುಕಾಟ ಇನ್ನೂ ನಡೆದಿದೆ.

ಇದರಿಂದ ಬೇಸರಪಡಬೇಕಿಲ್ಲ. ನಂಬಿದ್ದನ್ನೂ ಮತ್ತೆ ಪರೀಕ್ಷಿಸುವುದೇ ವಿಜ್ಞಾನ. ನಿಮ್ಮೂರಿನ ಗೋಡೆಯ ಮೇಲೆ ಕುಳಿತ ಹಕ್ಕಿಯಲ್ಲೇ ಇಂಥ ಪ್ರಶ್ನೆ ಇನ್ನೂ ಉಳಿದಿದೆ. ಅದನ್ನು ಬಿಡಿಸುವವರು ನಿಮ್ಮಲ್ಲೇ ಒಬ್ಬರಾಗಬಹುದು.

ಮಾಡಿ ನೋಡಿ

ಬೆಳಿಗ್ಗೆ ಶಿಕ್ಷಕರ ಸಮ್ಮುಖದಲ್ಲಿ ಶಾಲೆಯ ಬಯಲಿನಲ್ಲಿ ಈ ಆಟ ಆಡಿ. ಗೆಳೆಯನ ಕಣ್ಣಿಗೆ ಬಟ್ಟೆ ಕಟ್ಟಿ, ನಿಧಾನವಾಗಿ ಮೂರು ಸುತ್ತು ತಿರುಗಿಸಿ ನಿಲ್ಲಿಸಿ. ಶಾಲೆಯ ಬಾಗಿಲು ಯಾವ ಕಡೆ ಎಂದು ಕೈ ತೋರಿಸಲಿ. ಮುಖಕ್ಕೆ ತಾಗುವ ಬಿಸಿಲು, ರಸ್ತೆಯ ಸದ್ದು, ಬಿಸಿಯೂಟದ ಅಡುಗೆಯ ವಾಸನೆ, ಇವುಗಳಲ್ಲಿ ಯಾವುದು ನೆರವಾಯಿತು ಎಂದು ಕೇಳಿ ಬರೆದುಕೊಳ್ಳಿ. ಅನಂತರ ಕಿವಿಯನ್ನೂ ಮುಚ್ಚಿಸಿ. ಆಮೇಲೆ ನೆರಳಿನಲ್ಲಿ ನಿಲ್ಲಿಸಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಕೀಟನ್, ಪಾಪಿ ಮಾಡಿದ್ದೂ ಇದನ್ನೇ.

ಪಾರಿವಾಳಗಳನ್ನು ದೂರದಿಂದಲೇ ನೋಡಿ. ಅವುಗಳನ್ನು ಹಿಡಿಯಬೇಡಿ. ಒಣಗಿದ ಹಿಕ್ಕೆಯ ಧೂಳು ಉಸಿರಿಗೆ ಒಳ್ಳೆಯದಲ್ಲ. ಬಾವಿಗೆ ಬಗ್ಗಿ ನೋಡಬೇಡಿ. ಗೂಡಿಗೆ ಕಲ್ಲು ಹೊಡೆಯಬೇಡಿ. ಅಲ್ಲಿ ಸಾಮಾನ್ಯವಾಗಿ ಎರಡು ಮರಿಗಳಿರುತ್ತವೆ. ತಾಯಿ ತಂದೆ ಎರಡೂ ತಮ್ಮ ಗಂಟಲಚೀಲದಲ್ಲಿ ಹಾಲಿನಂಥ ಆಹಾರ ತಯಾರಿಸಿ ಅವಕ್ಕೆ ಉಣಿಸುತ್ತವೆ. ಸೂರ್ಯ, ಗಾಳಿ, ದಾರಿ ಎಲ್ಲವನ್ನೂ ನೋಡಿಕೊಂಡು ಅವು ಹಾರಿಬರುವುದು ಆ ಗೂಡಿಗೇ ಅಲ್ಲವೇ?

ಯೋಚಿಸಿ ಉತ್ತರಿಸಿ

1. ಕೀಟನ್ ಹಿತ್ತಾಳೆ ತುಂಡನ್ನು ಬಳಸದಿದ್ದರೆ ಯಾವ ಸಂದೇಹ ಉಳಿಯುತ್ತಿತ್ತು?
2. ಗಡಿಯಾರ 6 ಗಂಟೆ ಮುಂದಾದ ಹಕ್ಕಿಯನ್ನು ಬೆಳಿಗ್ಗೆ ಇಂಡಿಯಿಂದ ಬಿಟ್ಟರೆ ಯಾವ ದಿಕ್ಕಿಗೆ ಹೊರಟೀತು? ಚಿತ್ರ ಬರೆದು ತೋರಿಸಿ.
3. ನಿಮ್ಮೂರಿನಿಂದ ವಿಜಯಪುರ ಯಾವ ದಿಕ್ಕಿಗಿದೆ? ಜಿಲ್ಲೆಯ ನಕ್ಷೆ ನೋಡಿ ಹೇಳಿ.