ಡೆಮೊ ಗೆಲ್ಲಬೇಕೇ? ಮೊದಲ ಹತ್ತು ನಿಮಿಷಕ್ಕೆ ಎಂಟು ಸೂತ್ರಗಳು

ಕೌಬಾಯ್ ಟೋಪಿ, ರಿವಾಲ್ವರು, ಧೂಳೆದ್ದ ಬೀದಿ, ಎಲ್ಲವೂ ಚೌಕ ಚೌಕ ಪಿಕ್ಸೆಲ್‌ನಲ್ಲಿ. ಇಂಥದ್ದೊಂದು ವೆಸ್ಟರ್ನ್ ಶೂಟಿಂಗ್ ಗೇಮ್ ಮಾಡುವ ಆಸೆ ಭಟ್ಕಳ, ಹೊನ್ನಾವರ, ಕುಮಟಾದ ಯಾವ ಹುಡುಗ ಹುಡುಗಿಗೆ ಇದ್ದರೂ ಊರು ಬಿಡಬೇಕಾಗಿಲ್ಲ. ಆಟ ಕಟ್ಟುವ ಗೊಡೊ ಎಂಜಿನ್ ಪುಕ್ಕಟೆ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪ್ ಸಾಕು. 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ ಎಂಬ ಭಾರೀ ವೆಸ್ಟರ್ನ್ ಆಟದಲ್ಲಿ ಬೆಂಗಳೂರಿನ ರಾಕ್‌ಸ್ಟಾರ್ ಸ್ಟುಡಿಯೊದವರ ಕೆಲಸವೂ ಸೇರಿದೆ. ಹಾಗಾಗಿ ಇದು ನಮಗಲ್ಲ ಎಂದು ಹಿಂಜರಿಯುವುದು ಬೇಡ. ಆದರೆ ಆಟದ ರುಚಿ ತೋರಿಸುವ ಡೆಮೊ ಇಳಿಸಿಕೊಂಡವರು ಹತ್ತು ನಿಮಿಷದೊಳಗೆ ತೀರ್ಮಾನ ಮಾಡಿಬಿಡುತ್ತಾರೆ. ನಿಮ್ಮ ಶ್ರಮವೆಲ್ಲ ಅಲ್ಲಿ ಬೀಳಲಿ.

1. ಕಥೆ ಆಮೇಲೆ, ಗುಂಡು ಮೊದಲು. ಲೋಗೊ, ಪೀಠಿಕೆ, ಉದ್ದದ ಮೆನು ಯಾವುದೂ ದಾರಿಗೆ ಅಡ್ಡ ಬರಬಾರದು. ಕ್ಯಾಪ್‌ಕಾಮ್‌ನ 1985ರ ‘ಗನ್ ಸ್ಮೋಕ್’ ನೋಡಿ: ಬೀದಿ ತಾನಾಗಿಯೇ ಸರಿಯುತ್ತದೆ, ಎಡಕ್ಕೆ, ನೇರಕ್ಕೆ, ಬಲಕ್ಕೆ ಹೊಡೆಯಲು ಮೂರು ಬಟನ್. ಆಡುತ್ತ ಆಡುತ್ತಲೇ ಎಲ್ಲ ಗೊತ್ತಾಗುತ್ತದೆ.

2. ಏಟು ಬಿದ್ದದ್ದು ಕೈಗೆ ತಿಳಿಯಬೇಕು. ಶೂಟಿಂಗ್ ಆಟದ ಜೀವ ಇರುವುದೇ ಇಲ್ಲಿ. ಜಾತ್ರೆಯ ಗುರಿ ಹೊಡೆಯುವ ಅಂಗಡಿಯಲ್ಲಿ ಛರ್ರೆ ತಾಗಿದ ಕೂಡಲೇ ಬಲೂನು ಟಪ್ಪೆನ್ನುತ್ತದಲ್ಲ, ಆ ಖುಷಿ ಪರದೆಯ ಮೇಲೆ ಬರಬೇಕು. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡ್. ಗುಂಡು ತಾಗಿದಾಗ ಶತ್ರು ಒಂದು ಫ್ರೇಮ್ ಪೂರ್ತಿ ಬೆಳ್ಳಗಾಗಲಿ, ಎರಡು ಮೂರು ಫ್ರೇಮ್ ಆಟವೇ ತಡೆದು ನಿಲ್ಲಲಿ, ಆಮೇಲೆ ಅವನು ನಾಲ್ಕು ಪಿಕ್ಸೆಲ್ ಹಿಂದಕ್ಕೆ ಜಾರಲಿ, ಕಾಲಬುಡದಲ್ಲಿ ಧೂಳೇಳಲಿ. ಇಷ್ಟನ್ನೇ ಒಂದು ವಾರ ತಿದ್ದಿದರೂ ನಷ್ಟವಿಲ್ಲ. ಪರದೆ ನಡುಗಿಸುವುದಾದರೆ ಅದನ್ನು ನಿಲ್ಲಿಸುವ ಆಯ್ಕೆಯನ್ನೂ ಕೊಡಿ. ಕೆಲವರಿಗೆ ತಲೆ ಸುತ್ತುತ್ತದೆ.

3. ಪಿಕ್ಸೆಲ್ ಲೆಕ್ಕ ತಪ್ಪಬಾರದು. 320×180ರಲ್ಲಿ ಬರೆದ ಚಿತ್ರ 1920×1080 ಪರದೆಗೆ ಸರಿಯಾಗಿ 6 ಪಟ್ಟು ಹಿಗ್ಗುತ್ತದೆ, 480×270 ಆದರೆ 4 ಪಟ್ಟು. ಭಿನ್ನರಾಶಿ ಬಂದರೆ ಚೌಕಗಳು ಏರುಪೇರಾಗುತ್ತವೆ. ಶತ್ರುವಿನ ಗುಂಡಿಗೆ ಒಂದು ಬಣ್ಣ ಮೀಸಲಿಡಿ, ಬೇರೆಲ್ಲೂ ಅದನ್ನು ಬಳಸಬೇಡಿ.

4. ಅರಿಜೋನಾ ಬಿಡಿ, ಮಿರ್ಜಾನಿಗೆ ಹೋಗಿ. ಚಿತ್ರ ನಿರ್ದೇಶಕ ಸೆರ್ಜಿಯೊ ಲಿಯೋನೆ ಅಮೆರಿಕದ ಮರುಭೂಮಿಯನ್ನು ಸ್ಪೇನಿನ ಅಲ್ಮೇರಿಯಾದಲ್ಲಿ ಕಟ್ಟಿದ. 1975ರ ‘ಶೋಲೆ’ಗೆ ನಮ್ಮ ರಾಮನಗರದ ಬಂಡೆಗಳೇ ಸಾಕಾದವು. ಕುಮಟಾ ತಾಲೂಕಿನಲ್ಲಿ ಮಿರ್ಜಾನ್ ಕೋಟೆಯ ಚಿರೇಕಲ್ಲಿನ ಗೋಡೆಗಳಿವೆ, ಯಾಣದ ಕಪ್ಪು ಶಿಲೆಗಳಿವೆ. ಏಪ್ರಿಲ್ ಬಿಸಿಲಲ್ಲಿ ಚಿರೇಕಲ್ಲಿನ ಬಯಲಿಗೆ ಬರುವ ಕೆಂಪನ್ನು ಫೋಟೊ ತೆಗೆದು, 16 ಬಣ್ಣಕ್ಕೆ ಇಳಿಸಿ ನೋಡಿ. ವೆಸ್ಟರ್ನ್ ಆಟಕ್ಕೆ ಬೇಕಾದ ಬಣ್ಣದ ಪಟ್ಟಿ ಸಿದ್ಧ. ಬಂದೂಕಿನ ನಾಯಕ ಬೇಕೇ? 1510ರಲ್ಲಿ ಗೋವೆಯ ಮೇಲೆ ಏರಿಹೋಗಲು ಪೋರ್ಚುಗೀಸರ ಅಲ್ಬುಕರ್ಕನನ್ನು ಹುರಿದುಂಬಿಸಿದ ತಿಮ್ಮೋಜ ಹೊನ್ನಾವರದ ಕಡಲ ದಳಪತಿ. ಅವನು ಒಳ್ಳೆಯವನೋ ಕೆಟ್ಟವನೋ ಎಂಬುದು ಸುಲಭಕ್ಕೆ ಬಗೆಹರಿಯದ ಪ್ರಶ್ನೆ. ಆಟಕ್ಕೆ ಇಂಥವನೇ ಬೇಕು.

5. ಖಳನಿಗೆ ಒಡ್ಡೋಲಗ ಕೊಡಿ. ಕೊನಾಮಿಯ 1991ರ ‘ಸನ್‌ಸೆಟ್ ರೈಡರ್ಸ್’ ಪ್ರತಿ ಹಂತದ ಮೊದಲು ಖಳನ ಮುಖವಿರುವ ಪೋಸ್ಟರು, ತಲೆಗೆ ಕಟ್ಟಿದ ಬೆಲೆ ತೋರಿಸುತ್ತದೆ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಪಾಠವಿದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ನೆಲೆ ಹೊನ್ನಾವರದ ಗುಣವಂತೆ. ಬಡಗುತಿಟ್ಟಿನ ಬಣ್ಣದ ವೇಷ ಒಡ್ಡೋಲಗಕ್ಕೆ, ಅಂದರೆ ಮೊದಲ ಪ್ರವೇಶಕ್ಕೆ, ರಂಗಕ್ಕೆ ಬರುವಾಗ ತೆರೆ ಹಿಡಿಯುತ್ತಾರೆ. ಚಂಡೆ ಏರುತ್ತದೆ, ಕಿರೀಟದ ತುದಿ ಕಾಣುತ್ತದೆ, ಮುಖ ಮಾತ್ರ ಬೇಗ ಕಾಣುವುದಿಲ್ಲ. ಡೆಮೊದ ಕೊನೆಯ ಖಳ ಹೀಗೆ ಬರಲಿ. ಮೊದಲು ಸದ್ದು, ಆಮೇಲೆ ನೆರಳು, ಕೊನೆಗೆ ಆಳು.

6. ಕನ್ನಡಕ್ಕೆ ಜಾಗ ಬಿಡಿ. ಇಂಗ್ಲಿಷ್ ಅಕ್ಷರ 8 ಪಿಕ್ಸೆಲ್ ಎತ್ತರದಲ್ಲಿ ಕೂರುತ್ತದೆ, ‘ಶತ್ರು’ ಕೂರುವುದಿಲ್ಲ. ಒತ್ತಕ್ಷರಕ್ಕೆ ಕೆಳಗೆ, ಗುಡಿಸಿಗೆ ಮೇಲೆ ಸ್ಥಳ ಬೇಕು. 16 ಪಿಕ್ಸೆಲ್ ಇಟ್ಟುಕೊಳ್ಳಿ. ಗೊಡೊ 4ರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂಡಿಕೊಳ್ಳುತ್ತವೆ.

7. ಆಡಲು ಕೊಟ್ಟು ಸುಮ್ಮನೆ ಕೂತು ನೋಡಿ. ಭಟ್ಕಳದ ನವಾಯತಿ ಮಾತಾಡುವ ಗೆಳೆಯ, ಕುಮಟಾದ ಕೊಂಕಣಿ ಮನೆಯ ತಂಗಿ, ಯಾರಿಗಾದರೂ ಕೊಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ಆಟ ಕೆಟ್ಟಿದೆ. ವಿವರಿಸಲು ಬಾಯಿ ತೆರೆಯಬೇಡಿ, ಬರೆದಿಟ್ಟುಕೊಳ್ಳಿ.

8. ದೊಡ್ಡ ಬಾಗಿಲನ್ನು ಅವಸರದಲ್ಲಿ ತಟ್ಟಬೇಡಿ. ಆಟ ಮಾರುವ ಜಾಲತಾಣ ಸ್ಟೀಮ್‌ನಲ್ಲಿ ಆಟ ಹಾಕಲು ಶುಲ್ಕ 100 ಡಾಲರ್. ವ್ಯಾಪಾರ 1000 ಡಾಲರ್ ಮುಟ್ಟಿದರೆ ಅದು ವಾಪಸು ಬರುತ್ತದೆ. ಅವರ ಡೆಮೊ ಹಬ್ಬ ‘ನೆಕ್ಸ್ಟ್ ಫೆಸ್ಟ್’ ವರ್ಷಕ್ಕೆ 3 ಬಾರಿ ನಡೆದರೂ ಒಂದು ಆಟಕ್ಕೆ ಒಂದೇ ಸಲ ಪ್ರವೇಶ. ಮೊದಲು ಇಚ್ ಡಾಟ್ ಐಒ ತಾಣದಲ್ಲಿ ಪುಕ್ಕಟೆಯಾಗಿ ಹಾಕಿ, ಗೊತ್ತಿಲ್ಲದವರಿಂದ ಆಡಿಸಿ, ತಿದ್ದಿ. ಅವರು ಡೆಮೊ ಮುಗಿಸಿ ಮತ್ತೊಮ್ಮೆ ತಾವಾಗಿಯೇ ಶುರುಮಾಡಿದ ಮೇಲೆ ಆ ಹಬ್ಬಕ್ಕೆ ಅರ್ಜಿ ಹಾಕಿ.