ಮೊದಲು ನೀರು ನೋಡು, ಆಮೇಲೆ ಗಿಡ

ನೋಡಮ್ಮಾ, ಮೀನಿನ ಜೊತೆ ನೀರೊಳಗೇ ಗಿಡ ಬೆಳೆಸೋಕೆ ಗಾಜಿನ ತೊಟ್ಟಿ, ಲೈಟು, ಮಣ್ಣು ಎಲ್ಲ ಆರಿಸಿಟ್ಟಿದ್ದೀಯ, ಸಂತೋಷ. ಗಿಡಗಳಿಗೆ ದುಡ್ಡು ಕೊಡುವ ಮೊದಲು ನಿಮ್ಮ ನಲ್ಲಿಯಲ್ಲಿ ಯಾವ ನೀರು ಬರುತ್ತೆ ಅಂತ ತಿಳಿದುಕೋ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅಡುಗೆಮನೆಗೆ ಕಾವೇರಿ, ಬಚ್ಚಲಿಗೆ ಬೋರ್‌ವೆಲ್. ಅಪಾರ್ಟ್‌ಮೆಂಟಿನಲ್ಲಾದರೆ ಎರಡೂ ಒಂದೇ ಸಂಪಿಗೆ ಬೀಳಬಹುದು, ಬೇಸಿಗೆಯಲ್ಲಿ ಟ್ಯಾಂಕರ್ ನೀರೂ ಸೇರಬಹುದು. ನೀರು ಬಿಡುವವರನ್ನೇ ಕೇಳು.

ಬೋರ್‌ವೆಲ್ ನೀರು ನಮ್ಮಲ್ಲಿ ಸಾಮಾನ್ಯವಾಗಿ ಗಡಸು. ಬಕೆಟ್ಟಿಗೆ ಬಿಳಿ ಪೊರೆ ಕಟ್ಟೋದು, ಸೋಪು ನೊರೆ ಬಾರದಿರೋದು ಅದಕ್ಕೇ. ಹಾಗಂತ ಅದು ಬೇಡವೇ ಬೇಡ ಅನ್ನಬೇಡ. ವ್ಯಾಲಿಸ್ನೇರಿಯಾ ಅನ್ನೋ ಗಿಡ ಅಂತಹ ನೀರಿನ ಬೈಕಾರ್ಬನೇಟಿನಿಂದಲೇ ಇಂಗಾಲ ಪಡೆದು ಸೊಂಪಾಗಿ ಹಬ್ಬುತ್ತೆ. ಗಪ್ಪಿ, ಮೋಲಿ ಮೀನುಗಳಿಗೂ ಅದೇ ಹಿತ. ನೆಲದಾಳದ ನೀರಲ್ಲಿ ಆಮ್ಲಜನಕ ಕಡಿಮೆ ಇರುತ್ತೆ, ಒಂದು ರಾತ್ರಿ ಏರ್ ಪಂಪ್ ಹಾಕಿಟ್ಟು ಬಳಸು. ಆದರೆ ನೀನು ಆಸೆಪಟ್ಟಿರುವ ಆ ಕೆಂಪೆಲೆಯ ರೊಟಾಲಾ ಮ್ಯಾಕ್ರಾಂಡ್ರಾ ನಮ್ಮ ದಕ್ಷಿಣ ಭಾರತದ್ದೇ ಆದರೂ ಮೆದು ನೀರನ್ನು ಬಯಸುವಂಥದ್ದು. ಗಡಸು ನೀರಲ್ಲಿ ಅದು ಸೊರಗುತ್ತೆ.

ಕಾವೇರಿ ನೀರು ಅಷ್ಟು ಗಡಸಲ್ಲ, ಕ್ಲೋರಿನ್ ಒಂದನ್ನು ಕಳೆದರಾಯಿತು. ಅಗಲವಾದ ಬಕೆಟ್‌ನಲ್ಲಿ ಒಂದು ದಿನ ತೆರೆದಿಡು, ಇಲ್ಲವೇ ಮೀನಿನಂಗಡಿಯ ಆಂಟಿ ಕ್ಲೋರಿನ್ ಹಾಕು.

ಆರ್‌ಓ ನೀರು ಅತಿ ಶುದ್ಧ ಅಂತ ಪೂರ್ತಿ ಅದನ್ನೇ ತುಂಬಬೇಡಮ್ಮಾ. ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಷಿಯಂ ಅದರಲ್ಲಿ ಹೆಚ್ಚುಕಡಿಮೆ ಇರೋದೇ ಇಲ್ಲ. ಪಿಎಚ್ ಹಿಡಿದಿಡುವ ಕಾರ್ಬನೇಟೂ ಇಲ್ಲದ್ದರಿಂದ ಆಮ್ಲತೆ ಸುಲಭವಾಗಿ ಏರಿಬಿಡುತ್ತೆ. ಬೆರೆಸಿ ಬಳಸು: ನಿಮ್ಮ ಬೋರ್‌ವೆಲ್ ನೀರಿನ ಗಡಸುತನ 16 ಡಿಗ್ರಿ ಇದ್ದರೆ, ಅದರ ಒಂದು ಪಾಲಿಗೆ ಆರ್‌ಓ ಮೂರು ಪಾಲು ಸೇರಿಸಿದಾಗ ಸುಮಾರು 4 ಡಿಗ್ರಿಗೆ ಬರುತ್ತೆ. ರೊಟಾಲಾಗೆ ಅಷ್ಟು ಸಾಕು. ಮಳೆ ನೀರೂ ಇದೇ ಕೆಲಸಕ್ಕೆ ಬರುತ್ತೆ, ಚಾವಣಿ ತೊಳೆದುಹೋಗುವ ಮೊದಲ ಮಳೆಯದ್ದನ್ನು ಬಿಟ್ಟು ಹಿಡಿ.

ಮನೆಗೆ ಹಾಕಿಸಿರುವ ವಾಟರ್ ಸಾಫ್ಟ್‌ನರ್ ನೀರು ಮಾತ್ರ ಬೇಡ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬುತ್ತೆ. ಟಿಡಿಎಸ್ ಮೀಟರಿಗೆ ಈ ವ್ಯತ್ಯಾಸ ತಿಳಿಯೋದಿಲ್ಲ, ಒಟ್ಟು ಕರಗಿದ್ದೆಷ್ಟು ಅಂತಷ್ಟೇ ಅದು ಅಂದಾಜು ಹೇಳೋದು. ಗಡಸುತನ (ಜಿಎಚ್), ಕಾರ್ಬನೇಟ್ (ಕೆಎಚ್) ಎರಡನ್ನೂ ಹನಿ ಹಾಕಿ ಬಣ್ಣ ನೋಡಿ ಅಳೆಯುವ ಕಿಟ್ ಒಂದನ್ನು ತಗೋ, ದುಡ್ಡು ದಂಡವಾಗಲ್ಲ.

ನನ್ನ ಕೇಳಿದರೆ, ವಾರವಾರವೂ ಒಂದೇ ತರಹ ಸಿಗುವ ನೀರೇ ನಿನಗೆ ಸರಿಯಾದ ನೀರು. ಈ ವಾರ ಕಾವೇರಿ, ಮುಂದಿನ ವಾರ ಟ್ಯಾಂಕರ್ ಅಂತಾದರೆ ಮೀನೂ ಬಳಲುತ್ತೆ, ಗಿಡವೂ ಚೇತರಿಸಿಕೊಳ್ಳಲ್ಲ. ಪ್ರತಿ ವಾರ ಆರ್‌ಓ ಹೊತ್ತು ಬೆರೆಸುವಷ್ಟು ಬಿಡುವು ನಿನಗಿಲ್ಲದಿದ್ದರೆ ರೊಟಾಲಾ ಬಿಟ್ಟು ವ್ಯಾಲಿಸ್ನೇರಿಯಾ ನೆಡು, ಅದೂ ಚೆಂದವೇ.

ಇನ್ನೊಂದು. ಆವಿಯಾಗಿ ಇಳಿದಷ್ಟನ್ನು ತುಂಬುವಾಗ ಮಾತ್ರ ಬರೀ ಆರ್‌ಓ ಸುರಿ. ನೀರು ಆವಿಯಾದರೂ ಲವಣ ತೊಟ್ಟಿಯಲ್ಲೇ ಉಳಿದಿರುತ್ತೆ. ಗಡಸು ನೀರನ್ನೇ ಮತ್ತೆ ಮತ್ತೆ ತುಂಬುತ್ತಾ ಹೋದರೆ ಆ ಲವಣ ಏರುತ್ತಲೇ ಇರುತ್ತೆ.